ಕೋಡ್ ಬರೆಯೋ ಮುಂಚೆ ಒಂದು ಚಿತ್ರ ಬಿಡಿಸಿ

ಆಬ್ಜೆಕ್ಟ್ ಓರಿಯೆಂಟೆಡ್ ಡಿಸೈನ್ ಕಲಿಯುತ್ತಿರುವ ಹುಡುಗರು ನನ್ನನ್ನು ಮತ್ತೆ ಮತ್ತೆ ಕೇಳೋ ಪ್ರಶ್ನೆ: "ಯುಎಂಎಲ್ ಈಗಲೂ ಕಲೀಬೇಕಾ?" ಯುಎಂಎಲ್ ಅಂದ್ರೆ ಸಾಫ್ಟ್‌ವೇರ್‌ನ ಭಾಗಗಳನ್ನೂ ಅವುಗಳ ಸಂಬಂಧವನ್ನೂ ಚಿತ್ರದಲ್ಲಿ ತೋರಿಸೋ ಚಿಹ್ನೆಗಳ ಪದ್ಧತಿ. ಕಲೀಬೇಕು. ಆದರೆ ಪರೀಕ್ಷೆಗೆ ಓದೋ ಹಾಗಲ್ಲ.

ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಖಾಲಿ ಡೈಮಂಡ್ ಅಗ್ರಿಗೇಶನ್ (ಭಾಗ ಬೇರೆಯಾಗಿಯೂ ಇರಬಲ್ಲದು), ತುಂಬಿದ ಡೈಮಂಡ್ ಕಾಂಪೊಸಿಷನ್ (ಇಡೀದು ಹೋದರೆ ಭಾಗವೂ ಹೋಗುತ್ತೆ), ಖಾಲಿ ತ್ರಿಕೋನದ ಬಾಣ ಇನ್‌ಹೆರಿಟೆನ್ಸ್ (ಒಂದು ಕ್ಲಾಸ್ ಇನ್ನೊಂದರ ಗುಣ ಪಡೆಯೋದು). ಮಾರ್ಕ್ಸ್ ಬಂತು. ಅರ್ಥ ಆಗಿದ್ದು ಮಾತ್ರ ಕೆಲಸಕ್ಕೆ ಸೇರಿ ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ಆನ್‌ಲೈನ್ ಆರ್ಡರ್ ತಗೊಳ್ಳೋ ಸಿಸ್ಟಂ ಅದು. ಆರ್ಡರ್ ಅಂತ ಒಂದು ಕ್ಲಾಸ್ (ಒಂದು ಬಗೆಯ ವಸ್ತುವಿನ ಡೇಟಾ, ಕೆಲಸ ಎರಡನ್ನೂ ಹೇಳೋ ಅಚ್ಚು), ಪ್ರಾಡಕ್ಟ್ ಅಂತ ಇನ್ನೊಂದು. ಆರ್ಡರ್ ಒಳಗೆ ಪ್ರಾಡಕ್ಟ್‌ಗಳ ಪಟ್ಟಿ. ಬಿಲ್ ಬೇಕಾದಾಗ ಅವುಗಳ ಬೆಲೆ ಕೂಡಿಸಿದರೆ ಆಯ್ತು ಅಂದುಕೊಂಡು ನೇರವಾಗಿ ಕೋಡ್ ಬರೆದೆ. ಟೆಸ್ಟ್ ಎಲ್ಲಾ ಪಾಸ್. ಕೆಲವು ವಾರ ಕಳೆದ ಮೇಲೆ ಒಂದು ಪ್ರಾಡಕ್ಟ್‌ನ ಬೆಲೆ ಏರಿಸಿದರು. ಹಳೇ ಬಿಲ್‌ಗಳ ಮೊತ್ತವೂ ಏರಿಬಿಟ್ಟಿತು! ದುಡ್ಡು ಕೊಟ್ಟು ಮುಗಿಸಿದ್ದವರ ಬಿಲ್ ಕೂಡ.

ಟೀಮಿನ ಸೀನಿಯರ್ ಒಬ್ಬರು ಬೈಯಲಿಲ್ಲ. ಒಂದು ಹಾಳೆ ತಗೊಂಡು ಎರಡು ಬಾಕ್ಸ್ ಬಿಡಿಸಿ, ನಡುವೆ ಗೆರೆ ಎಳೆದರು. "ಒಂದೇ ವಸ್ತು ಮೂರು ಬೇಕು ಅಂದ್ರೆ ಆ 3 ಅನ್ನೋ ಅಂಕಿ ಎಲ್ಲಿ ಇಡ್ತೀರಿ?" ಅಂದರು. ಪ್ರಾಡಕ್ಟ್ ಒಳಗೆ ಇಡೋ ಹಾಗಿಲ್ಲ. ಆರ್ಡರ್ ಒಳಗೂ ಸರಿ ಹೋಗಲ್ಲ. "ಆವತ್ತಿನ ಬೆಲೆ?" ಅದೂ ಅಷ್ಟೇ. ಎರಡೂ ಸೇರಬೇಕಾಗಿದ್ದು ಆ ಗೆರೆಗೆ. ಅಲ್ಲಿ ಮೂರನೇ ಬಾಕ್ಸ್ ಬಂತು, ಆರ್ಡರ್ ಲೈನ್. ಎಷ್ಟು ಬೇಕು, ಯಾವ ಬೆಲೆಗೆ ಕೊಂಡರು, ಎರಡೂ ಅದರೊಳಗೆ. ಆರ್ಡರ್ ಅಳಿಸಿದರೆ ಲೈನ್‌ಗಳೂ ಹೋಗಬೇಕು, ಹಾಗಾಗಿ ಆ ಕಡೆ ತುಂಬಿದ ಡೈಮಂಡ್. ಪ್ರಾಡಕ್ಟ್ ಮಾತ್ರ ಇದ್ದಲ್ಲೇ ಇರುತ್ತೆ, ಹಾಗಾಗಿ ಅತ್ತ ಬರೀ ಗೆರೆ. ಡೈಮಂಡ್ ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಆವತ್ತು.

ಈ ಚಿಹ್ನೆಗಳು ಸುಮ್ನೆ ಹುಟ್ಟಿದ್ದಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ. ಗ್ರೇಡಿ ಬೂಚ್ ಕ್ಲಾಸ್‌ಗಳನ್ನು ಮೋಡದ ಆಕಾರದಲ್ಲಿ ಬಿಡಿಸುತ್ತಿದ್ದರು. ಜೇಮ್ಸ್ ರಂಬಾ ಅವರ ಓಎಂಟಿ ಅನ್ನೋ ಪದ್ಧತಿಯಲ್ಲಿ ಬಾಕ್ಸ್ ಇತ್ತು. ಯೂಸ್ ಕೇಸ್, ಅಂದ್ರೆ ಬಳಸೋರು ಸಿಸ್ಟಂನಿಂದ ಏನು ಮಾಡಿಸ್ಕೊಳ್ತಾರೆ ಅನ್ನೋ ವಿವರಣೆ, ತಂದವರು ಇವಾರ್ ಜೇಕಬ್ಸನ್. ಮೂವರೂ ರ್‍ಯಾಷನಲ್ ಕಂಪನಿಯಲ್ಲಿ ಒಟ್ಟಾದರು, 1997ರಲ್ಲಿ ಓಎಂಜಿ ಅನ್ನೋ ಮಾನದಂಡ ಸಂಸ್ಥೆ ಯುಎಂಎಲ್ ಅನ್ನು ಒಪ್ಪಿಕೊಂಡಿತು. ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ಓದೋ ಹಾಗಾಯ್ತು.

ಈಗ ಅದರಲ್ಲಿ 14 ಬಗೆಯ ಡಯಾಗ್ರಾಂ ಇವೆ. ಹೆದರಬೇಡಿ. ಕ್ಲಾಸ್, ಸೀಕ್ವೆನ್ಸ್ (ಯಾರು ಯಾರಿಗೆ ಯಾವ ಕ್ರಮದಲ್ಲಿ ಹೇಳ್ತಾರೆ), ಸ್ಟೇಟ್ (ಒಂದು ವಸ್ತುವಿನ ಸ್ಥಿತಿ ಹೇಗೆ ಬದಲಾಗುತ್ತೆ), ಈ ಮೂರು ಬಂದರೆ ದಿನದ ಕೆಲಸ ಸಾಗುತ್ತೆ. ನನ್ನನ್ನು ಕೇಳಿದರೆ ಸೀಕ್ವೆನ್ಸ್‌ನಿಂದಲೇ ಶುರು ಮಾಡಿ. ಆರ್ಡರ್ ಕ್ಯಾನ್ಸಲ್ ಆದಾಗ ಯಾರು ಯಾರಿಗೆ ಏನು ಹೇಳ್ತಾರೆ, ಬಿಡಿಸಿ ನೋಡಿ. ಎಲ್ಲಾ ಬಾಣಗಳೂ ಒಂದೇ 'ಮ್ಯಾನೇಜರ್' ಕ್ಲಾಸಿನಿಂದ ಹೊರಟರೆ ಉಳಿದವು ಬರೀ ಡೇಟಾ ಹೊರೋ ಚೀಲಗಳು ಅಂತ ಅರ್ಥ. ಹತ್ತು ಫೈಲಿನಲ್ಲಿ ಹಂಚಿಹೋದ ಕೋಡ್‌ನಲ್ಲಿ ಇದು ಕಾಣಲ್ಲ, ಹಾಳೆ ಮೇಲೆ ಥಟ್ಟನೆ ಕಣ್ಣಿಗೆ ಬೀಳುತ್ತೆ.

ಮೊದಲು ಪೆನ್ಸಿಲ್ ಹಿಡಿಯಿರಿ, ಟೂಲ್ ಆಮೇಲೆ. ಟೂಲ್‌ನಲ್ಲಿ ಅಂದವಾಗಿ ಜೋಡಿಸಿದ್ದನ್ನು ಅಳಿಸೋಕೆ ಮನಸ್ಸು ಬರಲ್ಲ, ಅಲ್ವಾ? ಕೈ ಪಳಗಿದ ಮೇಲೆ ಪ್ಲಾಂಟ್‌ಯುಎಂಎಲ್, ಮರ್ಮೇಡ್ ಒಳ್ಳೆಯವು. ಡಯಾಗ್ರಾಂ ಅನ್ನೂ ಅಕ್ಷರದಲ್ಲೇ ಬರೆದು ಕೋಡ್ ಜೊತೆ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡೋ ಟೂಲ್) ಇಡಬಹುದು. ಕೋಡ್‌ನಿಂದ ತಾನಾಗೇ ಚಿತ್ರ ತೆಗೆಯೋ ಟೂಲ್ ಕಲಿಯುವಾಗ ಬೇಡ. ಅದು ನೀವು ಬರೆದಿದ್ದನ್ನು ತೋರಿಸುತ್ತೆ, ಯೋಚಿಸಬೇಕಾಗಿದ್ದನ್ನಲ್ಲ.

ಇವತ್ತೇ ನಿಮ್ಮ ಹಳೇ ಪ್ರಾಜೆಕ್ಟ್ ಒಂದನ್ನು ತಗೊಳ್ಳಿ. ಕೋಡ್ ನೋಡದೆ ಐದು ಕ್ಲಾಸ್ ಬಿಡಿಸಿ. ಪ್ರತಿ ಗೆರೆಯ ಎರಡೂ ತುದಿಗೆ ಒಂದಾ, ಹಲವಾ ಅಂತ ಬರೆಯಿರಿ. ಕೈ ಎಲ್ಲಿ ತಡೆಯಿತೋ ಆ ಗೆರೆಯ ಫೋಟೊ ಕಾಮೆಂಟ್‌ನಲ್ಲಿ ಹಾಕಿ, ಒಟ್ಟಿಗೆ ನೋಡೋಣ.