ಬುಡಾಪೆಸ್ಟ್ ನೋಡಿದ್ಮೇಲೆ ನಮ್ಮ ಪಟ್ಣದ ಹೊಳೆ ಬಗ್ಗೆ ಅನ್ಸಿದ್ದು

ನಾನು ಹುಟ್ಟಿ ಬೆಳೆದಿದ್ದು ಶ್ರೀರಂಗಪಟ್ಣ, ವಿಯೆನ್ನಾಗೆ ಬಂದು ಆರು ವರ್ಷ ಆಯ್ತು. ಹೋದ್ ಬೇಸಿಗೇಲಿ ಅವ್ವ ಬಂದಿದ್ಲು, ಇಲ್ಲಿಂದ ಹಂಗೇರಿ ರಾಜಧಾನಿ ಬುಡಾಪೆಸ್ಟ್‌ಗೆ ರೈಲಲ್ಲಿ ಮೂರು ಗಂಟೆನೂ ಆಗಲ್ಲ, ಕರ್ಕೊಂಡು ಹೋಗಿ ಮೂರು ದಿನ ಇದ್ದು ಬಂದ್ವಿ. ವಿಯೆನ್ನಾದಲ್ಲೂ ಅದೇ ಡ್ಯಾನ್ಯೂಬ್ ಹರಿಯುತ್ತೆ ಆದ್ರೆ ದೊಡ್ಡ ಹೊಳೆ ಹಳೇ ಊರಿಂದ ದೂರ, ಹುಡುಕ್ಕೊಂಡು ಹೋಗ್ಬೇಕು. ಬುಡಾಪೆಸ್ಟ್‌ನಲ್ಲಿ ಹಂಗಲ್ಲ, ಊರಿನ ನಟ್ಟನಡುವೆ ಹೊಳೆ, ಈ ಕಡೆ ಪೆಸ್ಟ್ ಅಂಗೈ ಥರ ಮಟ್ಟ, ಆ ಕಡೆ ಬುಡಾ ಗುಡ್ಡ, ಗುಡ್ಡದ ಮೇಲೆ ಅರಮನೆ. 1873ರ ತನಕ ಇವು ಬೇರೆ ಬೇರೆ ಊರುಗಳೇ, ಆ ವರ್ಷ ಓಬುಡಾನೂ ಸೇರಿಸಿ ಮೂರನ್ನೂ ಒಂದು ಮಾಡಿದ್ರು.

ಮೊದಲನೇ ದಿನ ನಾನು ನಮ್ಮೂರಿನ ಟೂರ್ ಬಸ್ ಲೆಕ್ಕದಲ್ಲೇ ಪ್ಲಾನ್ ಹಾಕಿದ್ದೆ. ನಮ್ಮಲ್ಲಿ ಗೊತ್ತಲ್ಲ, ಬೆಂಗ್ಳೂರಿಂದ ಟಿಟಿ (ಟೆಂಪೋ ಟ್ರಾವೆಲರ್) ಬರುತ್ತೆ, ದರಿಯಾ ದೌಲತ್ ಇಪ್ಪತ್ತು ನಿಮಿಷ, ಗುಂಬಜ್ ಹದಿನೈದು ನಿಮಿಷ, ರಂಗನಾಥಸ್ವಾಮಿ ದರ್ಶನ, ಸಂಗಮದಲ್ಲಿ ಕಾಲು ತೊಳ್ಕೊಂಡು ನಿಮಿಷಾಂಬಕ್ಕೆ ಕೈ ಮುಗಿದು ಊಟಕ್ಕೆ ಮೈಸೂರು. ಊರು ಕಾವೇರಿ ಮಧ್ಯದ ದ್ವೀಪ ಅಂತ ಗೊತ್ತಾಗೋ ಮುಂಚೇನೇ ಊರು ಮುಗಿದಿರುತ್ತೆ. ನಾನೂ ಹಂಗೇ ಪಾರ್ಲಿಮೆಂಟು, ಬೆಸಿಲಿಕಾ ಅನ್ನೋ ದೊಡ್ಡ ಚರ್ಚು, ಸಂಜೆಗೆ ಕೋಟೆ ಅಂತ ಬರ್ಕೊಂಡಿದ್ದೆ. ಅವ್ವ ಎರಡನೇ ನಂಬರ್ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತವ್ಳು "ಇದು ಹೊಳೆ ಪಕ್ಕಾನೇ ಹೋಯ್ತದಲ್ಲಪ್ಪಾ, ಇರ್ಲಿ ಇನ್ನೊಂದ್ಸಲ ಹೋಗಾಣ" ಅಂದ್ಲು. ಕೊನೇ ಸ್ಟಾಪ್‌ವರೆಗೂ ಹೋಗಿ ಮತ್ತೆ ವಾಪಸ್ ಬಂದ್ವಿ. ಪೆಸ್ಟ್ ದಡ ಹಿಡಿದೇ ಹೋಗೋ ಟ್ರಾಮ್ ಅದು, ಎದುರಿಗೆ ಬುಡಾ ಪೂರ್ತಿ ಕಾಣುತ್ತೆ, ಒಳಗೆ ಕೂತವ್ರಲ್ಲಿ ಅರ್ಧ ಜನ ನಮ್ಮಂಥೋರು, ಇನ್ನರ್ಧ ತರಕಾರಿ ಚೀಲ ಹಿಡ್ಕೊಂಡು ಮನೆಗೆ ಹೋಗೋರು. ಊರು ನೋಡೋದು ಅಂದ್ರೆ ಇದು ಅಂತ ನಂಗೆ ಅಲ್ಲಿ ಕೂತಾಗ ಅನ್ನಿಸ್ತು, ಊರಿನವ್ರು ಓಡಾಡೋ ದಾರೀಲೇ ಓಡಾಡ್ಬೇಕು.

ಆ ಟ್ರಾಮಲ್ಲೇ ಒಂದು ಮಗು ಮುಂದಿನ ಸೀಟಿಂದ "ಅಪಾ, ಅಪಾ" ಅಂತ ಕೂಗ್ತು, ಅವ್ವ ತಟ್ಟನೆ ತಿರುಗಿದ್ಲು. ಹಂಗೇರಿಯವ್ರ ಭಾಷೇಲಿ ಅಪಾ ಅಂದ್ರೆ ಅಪ್ಪ. ಅವ್ರ ಭಾಷೆಗೂ ನಮ್ಮದಕ್ಕೂ ನಂಟು ಇದೆ ಅಂತ ಹೇಳ್ತಿಲ್ಲ, ಆದ್ರೆ ಅವ್ರೂ ನಮ್ಮ ಥರ ಪದದ ಹಿಂದೇನೇ ಪ್ರತ್ಯಯ ಅಂಟಿಸ್ತಾರೆ, ಹಾಜ್ ಅಂದ್ರೆ ಮನೆ, ಹಾಜ್‌ಬನ್ ಅಂದ್ರೆ ಮನೇಲಿ. ಹೆಸರಲ್ಲೂ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಇಷ್ಟು ಸಾಕಾಯ್ತು ಅವ್ವಂಗೆ ಊರು ತನ್ನದು ಅನ್ನೋ ಹಂಗಾಗಕ್ಕೆ.

ಬುಡಾ, ಪೆಸ್ಟ್ ಎರಡನ್ನೂ ಸೇರಿಸೋ ಚೈನ್ ಬ್ರಿಡ್ಜ್ ಅನ್ನೋ ಸೇತುವೆ ಕತೆ ಹೇಳ್ಲೇಬೇಕು. 1820ರ ಚಳಿಗಾಲದಲ್ಲಿ ಸೇಚೆನಿ ಇಷ್ಟ್ವಾನ್ ಅನ್ನೋ ಶ್ರೀಮಂತನಿಗೆ ತಂದೆ ತೀರ್ಕೊಂಡ ಸುದ್ದಿ ಬಂತು, ಹೊಳೇಲಿ ಹಿಮದ ಗಡ್ಡೆ ತೇಲ್ತಿದ್ದಿದ್ರಿಂದ ದೋಣಿ ಇಲ್ಲ, ಒಂದು ವಾರ ದಡದಲ್ಲೇ ಕಾಯ್ದ. ಆಮೇಲೆ ಸೇತುವೆ ಕಟ್ಟಿಸ್ಬೇಕು ಅಂತ ಬೆನ್ನು ಹತ್ತಿದ್ದು ಅವನೇ, 1849ರಲ್ಲಿ ಓಡಾಟಕ್ಕೆ ತೆರೆದ್ರು. ಆ ಕಾಲದಲ್ಲಿ ಅಲ್ಲಿನ ಜಮೀನ್ದಾರ ವರ್ಗಕ್ಕೆ ತೆರಿಗೇನೇ ಇರ್ಲಿಲ್ಲ, ಈ ಸೇತುವೆ ಮೇಲೆ ಮಾತ್ರ ದೊಡ್ಡೋರು ಚಿಕ್ಕೋರು ಅನ್ನದೆ ಎಲ್ರೂ ಸುಂಕ ಕಟ್ಬೇಕಾಗಿತ್ತು, ನಂಗೆ ಅದೇ ದೊಡ್ಡ ವಿಷ್ಯ ಅನ್ಸುತ್ತೆ. 1945ರ ಜನವರೀಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಅದನ್ನ ಸಿಡಿಸಿ ಉರುಳಿಸಿದ್ರು, ಮೊದಲು ತೆರೆದು ಸರಿಯಾಗಿ ನೂರು ವರ್ಷಕ್ಕೆ 1949ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ರು. ನಾನು ಸೇತುವೆ ಮಧ್ಯೆ ನಿಂತು ಇದನ್ನೆಲ್ಲಾ ಹೇಳ್ತಿದ್ರೆ ಅವ್ವ ಕಲ್ಲು ಮುಟ್ಟಿ ನೋಡ್ತಾ "ನಮ್ಮವ್ವ ಹೋದಾಗ ನಂಗೂ ಹಂಗೇ ಕಣಪ್ಪಾ ಆಗಿದ್ದು, ಹೊಳೆ ಬಂದಿತ್ತು, ತೆಪ್ಪ ಬಿಡ್ನಿಲ್ಲ" ಅಂದ್ಲು. ಅಷ್ಟು ವರ್ಷದಲ್ಲಿ ನನ್ನ ಹತ್ರ ಒಂದ್ಸಲಾನೂ ಹೇಳಿರ್ಲಿಲ್ಲ ಈ ಮಾತು.

ಪಾರ್ಲಿಮೆಂಟ್ ಹತ್ರ ದಡದ ಅಂಚಲ್ಲಿ ಕಬ್ಬಿಣದ ಬೂಟು, ಚಪ್ಪಲಿಗಳನ್ನ ಸಾಲಾಗಿ ನೆಲಕ್ಕೆ ಬೆಸೆದಿದ್ದಾರೆ, ಅರವತ್ತು ಜೊತೆ, 2005ರಲ್ಲಿ ಇಟ್ಟಿದ್ದು. ಅವ್ವಂಗೆ ಮೊದಲು ಏನೂ ಗೊತ್ತಾಗ್ಲಿಲ್ಲ, ಸ್ನಾನಕ್ಕಿಳಿದವ್ರು ಬಿಟ್ಟು ಹೋಗಿರೋದ್ರ ಗುರುತಿಗೆ ಮಾಡಿರ್ಬೇಕು ಅಂದ್ಕೊಂಡ್ಲು, ನಮ್ಮ ಸ್ನಾನಘಟ್ಟದಲ್ಲಿ ದಿನಾ ನೋಡೋದು ಅದೇ ತಾನೆ. 1944-45ರಲ್ಲಿ ಆ್ಯರೋ ಕ್ರಾಸ್ ಅನ್ನೋ ಅಲ್ಲಿನ ಫ್ಯಾಸಿಸ್ಟ್ ಪಡೆಯವ್ರು ಯಹೂದಿಗಳನ್ನ ದಡಕ್ಕೆ ತಂದು, ಕಾಲಲ್ಲಿದ್ದಿದ್ದು ಬಿಚ್ಚಿಸಿ, ಗುಂಡು ಹೊಡೆದು ಹೊಳೆಗೆ ಕೆಡವಿದ್ರು ಅಂತ ನಾನು ಮೆಲ್ಲಗೆ ಹೇಳ್ದೆ. ಅವ್ವ ತನ್ನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ್ಲು. ಒಂದು ಪುಟ್ಟ ಮಗುವಿನ ಬೂಟಿನೊಳಗೆ ಯಾರೋ ಹೂವು ಇಟ್ಟಿದ್ರು, ಮಳೆ ನೀರು ನಿಂತಿತ್ತು. ಸುಮಾರು ಹೊತ್ತು ಮಾತೇ ಆಡ್ಲಿಲ್ಲ.

ಈ ದಡದಲ್ಲಿ ಊರಿನ ನೋವು, ತಪ್ಪು, ಸೋಲು ಎಲ್ಲಾ ನಡೆಯೋ ದಾರೀಲೇ ಇದೆ, ಟಿಕೆಟ್ ಇಲ್ಲ ಗೇಟ್ ಇಲ್ಲ. 1838ರಲ್ಲಿ ಪ್ರವಾಹ ಬಂದು ಪೆಸ್ಟ್ ಮುಳುಗಿದಾಗ ನೀರು ಎಲ್ಲೀವರ್ಗೂ ಬಂದಿತ್ತು ಅಂತ ಹಳೇ ಗೋಡೆಗಳಲ್ಲಿ ಗುರುತಿನ ಕಲ್ಲು ಇದೆ. ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟಾಗ ನಮ್ಮಲ್ಲಿ ಹೊಳೆ ಎಲ್ಲೀವರ್ಗೂ ಬಂತು ಅನ್ನೋದು ಹಿರೀಕರ ಬಾಯಲ್ಲಿದೆ, ಅವ್ರು ಹೋದ್ರೆ ಅದೂ ಹೋಯ್ತು.

ಹಾಗಂತ ಎಲ್ಲಾ ಅವ್ರದ್ದೇ ಚೆನ್ನ ಅಂತ ನಾನು ಒಪ್ಪಲ್ಲ. ಹೊಳೆ ನೋಡಕ್ಕೆ ಚೆನ್ನಾಗಿದೆ, ಮುಟ್ಟೋದು ಕಷ್ಟ, ದಡದ ಉದ್ದಕ್ಕೂ ಕೆಳಗೆ ಕಾರ್ ರೋಡು ಮಾಡಿದ್ದಾರೆ, ಎರಡೂ ಕಡೆ. ಅವ್ವಂಗೆ ನೀರು ಮುಟ್ಟಿ ತಲೆಗೆ ಚಿಮುಕಿಸ್ಕೊಳ್ಳದೆ ಹೊಳೆ ನೋಡಿದ ಹಾಗೇ ಆಗಲ್ಲ, ರೋಡ್ ದಾಟಿ ಮೆಟ್ಟಿಲು ಹುಡುಕಿ ಇಳಿಸೋ ಹೊತ್ಗೆ ನಂಗೆ ಸಾಕಾಯ್ತು. ನಮ್ಮ ಹಿರೀಕರು ಮೊದಲು ಕಟ್ಟಿದ್ದೇ ಮೆಟ್ಟಿಲು. ಹುಟ್ಟಿದ ಕೂಸಿಂದ ಹಿಡಿದು ಪಶ್ಚಿಮವಾಹಿನೀಲಿ ಬಿಡೋ ಬೂದಿವರ್ಗೂ ನಮಗೆ ಹೊಳೆ ಅಂದ್ರೆ ಇಳಿಯೋ ಜಾಗ. ಅದನ್ನ ಯಾವ ಯುರೋಪಿನ ಊರಿಗೂ ನಾನು ಬಿಟ್ಕೊಡಲ್ಲ.

ನನ್ನ ಸಂಕಟ ಏನಂದ್ರೆ, ಚೈನ್ ಬ್ರಿಡ್ಜ್‌ಗಿಂತ 45 ವರ್ಷ ಮುಂಚೆ, 1804ರಲ್ಲೇ ದಿವಾನ್ ಪೂರ್ಣಯ್ಯ ಅವ್ರು ನಮ್ಮ ಪಟ್ಣದಲ್ಲಿ ಕಾವೇರಿಗೆ ಸೇತುವೆ ಕಟ್ಟಿಸಿದ್ದಾರೆ, ವೆಲ್ಲೆಸ್ಲಿ ಬ್ರಿಡ್ಜು, ಪೂರ್ತಿ ಕಲ್ಲು, ಕಂಬದ ಮೇಲೆ ಚಪ್ಪಡಿ, ಎಷ್ಟು ಪ್ರವಾಹ ಬಂದ್ರೂ ಸೆಟೆದು ನಿಂತಿರೋದು. ಯಾವ ಟಿಟಿ ಅಲ್ಲಿ ನಿಲ್ಲುತ್ತೆ ಹೇಳಿ? ನಾನೂ ಅದರ ಮೇಲೆ ಸೈಕಲ್ ತುಳಿದವನೇ, ಮಧ್ಯದಲ್ಲಿ ನಿಂತು ಹೊಳೆ ನೋಡು ಅಂತ ಯಾವ ಮೇಷ್ಟ್ರೂ ಹೇಳ್ಲಿಲ್ಲ. ಪೂರ್ಣಯ್ಯನವ್ರ ಹೆಸರಿರೋ ಒಂದು ದೊಡ್ಡ ಬೋರ್ಡು, ನಾಕು ಕಲ್ಲು ಬೆಂಚು, ಅಲ್ಲಿಂದ ಸ್ನಾನಘಟ್ಟದವರ್ಗೂ ಗಲೀಜಿಲ್ಲದ ಒಂದು ಕಾಲುದಾರಿ, ಇಷ್ಟು ಮಾಡಿದ್ರೆ ಬಂದವ್ರು ಅರ್ಧ ದಿನ ಇರ್ತಾರೆ, ನಮ್ಮ ಮಕ್ಕಳೂ ಇರ್ತಾರೆ.

ಅವ್ವ ಊರಿಗೆ ಹೋದ್ಮೇಲೆ ಒಂದು ಭಾನ್ವಾರ ವಿಡಿಯೋ ಕಾಲ್ ಮಾಡಿದ್ಲು, ಹಿಂದೆ ನೀರಿನ ಸದ್ದು. ನನ್ನ ತಂಗಿ ಮಗನ್ನ ಆ ಸೇತುವೆಗೆ ಕರ್ಕೊಂಡು ಹೋಗಿ ಕಂಬ ಎಣಿಸ್ತಿದ್ಲು.