ಆ್ಯಂಟಿವೈರಸ್ ಕೊಂಡವರಿಗೆ ಕ್ಯಾಲೆಂಡರ್ ಉಚಿತ

ತುಮಕೂರು ಸೀಮೆಯವರಿಗೆ ಮಾಲು ನೋಡಿ ಕೊಳ್ಳುವುದು ಗೊತ್ತಿಲ್ಲ ಎಂದು ಯಾರೂ ಆಡಿಕೊಳ್ಳುವಂತಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಚೀಲ ಬಿಚ್ಚಿದರೆ ಮೇಲಿನ ನಾಲ್ಕು ಉಂಡೆ ಪಕ್ಕಕ್ಕೆ ಸರಿಸಿ ತಳಕ್ಕೇ ಕೈ ಹಾಕುತ್ತಾರೆ. ಬೂಷ್ಟು ಹಿಡಿದಿದೆಯಾ, ಒಡಕಿದೆಯಾ ಎಂದು ತಿರುವಿ ನೋಡಿ, ಮೂಸಿ, ಆಮೇಲೆ ರೇಟು ಮಾತಾಡುತ್ತಾರೆ. ಅದೇ ಮನುಷ್ಯ ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಬಂದು ಆ್ಯಂಟಿವೈರಸ್ ಡಬ್ಬಿ ಕೈಗೆ ತಗೊಂಡಾಗ ಕೇಳುವುದು ಎರಡೇ ಪ್ರಶ್ನೆ. "ಲಾಸ್ಟ್ ಎಷ್ಟು?" ಮತ್ತು "ಕ್ಯಾಲೆಂಡರ್ ಕೊಡಲ್ವಾ?" ಡಬ್ಬಿಯ ಮೇಲೆ ಗುರಾಣಿಯ ಚಿತ್ರ, ಮೂಲೆಯಲ್ಲಿ ಮಿನುಗುವ ಹೊಲೊಗ್ರಾಂ. ಒಳಗಿರುವುದು ಒಂದು ಚೀಟಿ, ಚೀಟಿಯಲ್ಲೊಂದು ನಂಬರು. ಹೊಲೊಗ್ರಾಂ ಮಿನುಗಿದ ಮೇಲೆ ಇನ್ನೇನು ಪರೀಕ್ಷೆ?

ಚೀಟಿಯ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಅಂಗಡಿಯ ಒಳಬೆಂಚಿನ ಮೇಲೆ ನಡೆಯುವ 'ಫಾರ್ಮ್ಯಾಟ್ ಪ್ಲಸ್ ಆ್ಯಂಟಿವೈರಸ್' ಎಂಬ ಜೋಡಿ ಸೇವೆ ನೋಡಬೇಕು. ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕುತ್ತಾರೆ. ವಿಂಡೋಸ್ ಜೊತೆಗೇ ಡಿಫೆಂಡರ್ ಎಂಬ ಪುಕ್ಕಟೆ ಆ್ಯಂಟಿವೈರಸ್ ಬರುತ್ತದೆ. ಹಾಕಿದ ಕೂಡಲೇ ವಿಂಡೋಸ್ ಸೆಕ್ಯುರಿಟಿ ತೆರೆದು ಅದರ ರಿಯಲ್ ಟೈಮ್ ಪ್ರೊಟೆಕ್ಷನ್ ಆಫ್, ಟ್ಯಾಂಪರ್ ಪ್ರೊಟೆಕ್ಷನ್ ಆಫ್. ಆಮೇಲೆ ಎಕ್ಸ್‌ಕ್ಲೂಷನ್ ಪಟ್ಟಿಗೆ ಹೋಗಿ ಇಡೀ ಸಿ ಡ್ರೈವನ್ನೇ ಸೇರಿಸುತ್ತಾರೆ. ಅಂದರೆ ಸಿ ಡ್ರೈವ್‌ನಲ್ಲಿ ಏನೇ ಬಂದು ಕೂತರೂ ನೀನು ನೋಡಬೇಡ ಎಂದು ಬರೆದುಕೊಟ್ಟ ಹಾಗಾಯಿತು.

"ಏನಪ್ಪಾ ಅದು, ಕೆಂಪಗೆ ಬರ್ತೈತೆ?"

"ಡಿಫೆಂಡರ್ ಸಾ. ಸುಮ್ನೆ ತೊಂದ್ರೆ ಕೊಡ್ತೈತೆ. ಆಫ್ ಮಾಡ್ಲಿಲ್ಲ ಅಂದ್ರೆ ಆಕ್ಟಿವೇಟರ್‌ನೇ ನುಂಗ್ಬಿಡ್ತೈತೆ."

"ಹಂಗಾದ್ರೆ ಅದು ವೈರಸ್ಸಾ?"

"ವೈರಸ್ ಅಂತ ತೋರಿಸ್ತೈತೆ, ವೈರಸ್ ಅಲ್ಲ ಸಾ. ಆಮೇಲೆ ಒಳ್ಳೇ ಆ್ಯಂಟಿವೈರಸ್ ಹಾಕ್ಕೊಡ್ತೀನಲ್ಲ, ಬಿಡಿ."

ದುಡ್ಡು ಕೊಡದೆ ಹಾಕಿದ ವಿಂಡೋಸನ್ನು ಅಸಲಿ ಎಂದು ನಂಬಿಸುವ ಈ ಆಕ್ಟಿವೇಟರ್ ಮಾಡುವುದೇನು? ದೊಡ್ಡ ಸಂಸ್ಥೆಗಳು ತಮ್ಮ ನೂರಾರು ಯಂತ್ರಗಳಿಗೆ ಲೈಸೆನ್ಸ್ ಹಂಚಲು ಕೆಎಂಎಸ್ ಎಂಬ ಸರ್ವರ್ ಇಟ್ಟುಕೊಂಡಿರುತ್ತವೆ. ಅಲ್ಲಿಂದ ಸಿಗುವ ಒಪ್ಪಿಗೆ 180 ದಿನಕ್ಕೆ ಮಾತ್ರ. ಆಕ್ಟಿವೇಟರ್ ಅಂಥದ್ದೊಂದು ಸುಳ್ಳು ಸರ್ವರನ್ನು ನಿಮ್ಮ ಯಂತ್ರದೊಳಗೇ ಕೂರಿಸಿ, ಗಡುವು ಮುಗಿಯುವ ಮುಂಚೆ ತಾನೇ ಎದ್ದು ನವೀಕರಿಸುವ ಹಾಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಕೆಲಸ ಬರೆದಿಡುತ್ತದೆ. ಇದಕ್ಕೆಲ್ಲ ಅಡ್ಮಿನ್ ಅಧಿಕಾರ ಬೇಕು, ಅದನ್ನೂ ಕೊಟ್ಟಿರುತ್ತೀರಿ. ಜೊತೆಗೆ ಮತ್ತೇನು ಬಂತು ಎಂದು ನೋಡುವವನನ್ನು ಮೊದಲೇ ಮಲಗಿಸಿ ಆಗಿದೆ. 2021ರಲ್ಲಿ ಇಂಥದ್ದೇ ಆಕ್ಟಿವೇಟರ್ ಆದ ಕೆಎಂಎಸ್‌ಪಿಕೋ ಹೆಸರಿನ ಇನ್‌ಸ್ಟಾಲರ್‌ಗಳ ಹೊಟ್ಟೆಯಲ್ಲಿ ಕ್ರಿಪ್ಟ್‌ಬಾಟ್ ಎಂಬ ಪಾಸ್‌ವರ್ಡ್ ಕಳ್ಳ ಸಿಕ್ಕಿತ್ತು. ಕ್ರ್ಯಾಕ್ ಸಾಫ್ಟ್‌ವೇರ್‌ಗಳ ಬೆನ್ನೇರಿ ವರ್ಷಗಟ್ಟಲೆ ಹಾವಳಿ ಮಾಡಿದ ಸ್ಟಾಪ್ ಡಿಜೆವಿಯು ಎಂಬ ರ್‍ಯಾನ್ಸಮ್‌ವೇರ್ ಫೈಲುಗಳಿಗೆಲ್ಲ ಬೀಗ ಜಡಿದು 980 ಡಾಲರ್ ಕೇಳುತ್ತಿತ್ತು. 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಬೆಲೆ, 490. ಜವಳಿ ಅಂಗಡಿಯವರ ರಿಯಾಯಿತಿ ಆಷಾಢಕ್ಕೆ ಮುಗಿದರೂ ಇವರದು ವರ್ಷವಿಡೀ ಇತ್ತು.

ಮನೆಗೆ ಹೋದ ಮೇಲೆ ನೋಡಿಕೊಳ್ಳುವುದು ಕಷ್ಟವೇನಲ್ಲ. ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಎಂದು ಬರೆಯಿರಿ. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್, ಕೊನೇತನಕ ಇಳಿದರೆ ಎಕ್ಸ್‌ಕ್ಲೂಷನ್ಸ್. ಸಾಮಾನ್ಯ ಬಳಕೆದಾರರ ಯಂತ್ರದಲ್ಲಿ ಈ ಪಟ್ಟಿ ಖಾಲಿ ಇರಬೇಕು. ಅಲ್ಲಿ ಸಿ ಡ್ರೈವ್ ಕೂತಿದ್ದರೆ ಡಿಫೆಂಡರ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕಾವಲು ಎಚ್ಚರವಾಗಿದೆಯೇ ಎಂದು ತಿಳಿಯಲು ಐಕಾರ್ ಎಂಬ ಪರೀಕ್ಷಾ ಫೈಲ್ ಇದೆ. ಬರೀ 68 ಅಕ್ಷರದ ಸಾಲು, ಯಾರಿಗೂ ಏನೂ ಮಾಡದು. ಆದರೆ ಆ್ಯಂಟಿವೈರಸ್ ಎಂದು ಹೇಳಿಕೊಳ್ಳುವ ಎಲ್ಲವೂ ಅದನ್ನು ಕಂಡ ಕೂಡಲೇ ಕೂಗಬೇಕೆಂಬ ಒಪ್ಪಂದವಿದೆ. ಐಕಾರ್‌ನ ಸ್ವಂತ ಜಾಲತಾಣದಿಂದ ಇಳಿಸಿಕೊಂಡು ನೋಡಿ. ಕೂಗದಿದ್ದರೆ ಚೀಟಿ ವಾಪಸ್ ಕೊಡಲು ಕಾರಣ ಸಿಕ್ಕಿತು.

ಈಗ ಚೀಟಿ. ಮೂರು ಯಂತ್ರಕ್ಕೆ ಎಂದು ಬರುವ ಒಂದೇ ನಂಬರನ್ನು ಮೂರು ಗಿರಾಕಿಗಳಿಗೆ ಒಡೆದು ಮಾರುವುದು ಈ ವ್ಯಾಪಾರದ ಬಹಿರಂಗ ಗುಟ್ಟು. ನೋಂದಣಿ ಆಗುವುದು ಅಂಗಡಿಯ ಮೇಲ್ ಐಡಿಗೆ, ಅಂಗಡಿಯ ಮೊಬೈಲಿಗೆ. ಯಂತ್ರ ಬದಲಿಸಿದ ದಿನ ಆ ನಂಬರ್ ಯಾರ ಹೆಸರಲ್ಲಿದೆಯೋ ಅವರನ್ನೇ ಕಾಣಬೇಕು. ಅದಕ್ಕೇ ದುಡ್ಡು ಎಣಿಸುವ ಮುಂಚೆ, ಅಲ್ಲೇ ನಿಂತು, 'ನನ್ನ ಮೇಲ್‌ಗೆ ನೋಂದಾಯಿಸಿ' ಎನ್ನಬೇಕು. ಹೀಗೆ ಕೇಳಿದವರನ್ನು ಅನುಮಾನದ ಪ್ರಾಣಿಯಂತೆ ನೋಡುತ್ತಾರೆ, ನೋಡಲಿ. ಇನ್ನು ಕೆಲವರಿಗೆ 'ಡಬಲ್ ಸೇಫ್ಟಿ' ಎಂದು ಎರಡು ಕಂಪನಿಯ ಆ್ಯಂಟಿವೈರಸ್ ಒಟ್ಟಿಗೆ ಹಾಕಿಕೊಡುತ್ತಾರೆ. ಒಂದೇ ಫೈಲನ್ನು ಎರಡೂ ಒಟ್ಟಿಗೆ ತೆರೆದು ನೋಡಲು ಹೋಗಿ, ಒಂದರ ಕೆಲಸ ಇನ್ನೊಂದಕ್ಕೆ ಸಂಶಯವಾಗಿ, ಯಂತ್ರ ತೆವಳುತ್ತದೆ. ತೆವಳುವ ಯಂತ್ರಕ್ಕೆ ಔಷಧ? ಇನ್ನೊಂದು ಫಾರ್ಮ್ಯಾಟ್.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಂಗತಿ ಇನ್ನೂ ಸೊಗಸಾಗಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಹೊಕ್ಕರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ. ಅದನ್ನು ಬಿಡಿಸುವ 48 ಅಂಕಿಯ ರಿಕವರಿ ಕೀ ಆ ಅಕೌಂಟಿಗೆ ಹೋಗಿ ಕೂರುತ್ತದೆ. ಅಂಗಡಿಯಲ್ಲಿ 'ಬೇಗ ಆಗ್ಲಿ' ಎಂದು ಬಂದವರ ಲ್ಯಾಪ್‌ಟಾಪ್‌ಗೆಲ್ಲ ಅಂಗಡಿಯದೇ ಅಕೌಂಟ್ ಹಾಕಿದ್ದರೆ ಇಡೀ ಬೀದಿಯ ಕೀಗಳೆಲ್ಲ ಒಂದೇ ಜಾಗದಲ್ಲಿ. ಮುಂದೊಂದು ದಿನ ಬಯಾಸ್ ಅಪ್‌ಡೇಟ್ ಆಗಿಯೋ, ಮದರ್‌ಬೋರ್ಡ್ ಬದಲಾಗಿಯೋ ನೀಲಿ ಪರದೆ ಬಂದು ಕೀ ಕೇಳುತ್ತದೆ. ಅಷ್ಟರಲ್ಲಿ ಅಂಗಡಿಯ ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ. ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಯುವರ್ ಇನ್ಫೋ ತೆರೆದರೆ ಯಾರ ಹೆಸರಿದೆ ಎಂದು ಕಾಣುತ್ತದೆ. ನಿಮ್ಮದಲ್ಲದಿದ್ದರೆ ಇವತ್ತೇ ಬದಲಿಸಿ, ಕೀಯನ್ನು ಕಾಗದದ ಮೇಲೆ ಬರೆದು ಪಹಣಿ ಇಡುವ ಕಡೆ ಇಡಿ.

ಯಾವ ಕಂಪನಿ ಒಳ್ಳೆಯದು ಎಂಬ ಚರ್ಚೆ ಟೀ ಅಂಗಡಿಯಲ್ಲಿ ನಡೆಯುವುದು ಸ್ವದೇಶಿ-ವಿದೇಶಿ ಲೆಕ್ಕದಲ್ಲಿ. ದಾಖಲೆ ನೋಡಿದರೆ ಎರಡೂ ಪಾರ್ಟಿಯವರಿಗೆ ಟೀ ಇಳಿಯುವುದಿಲ್ಲ. ಜನರನ್ನು ಟ್ರ್ಯಾಕಿಂಗ್‌ನಿಂದ ಕಾಪಾಡುತ್ತೇವೆ ಎಂದ ಜೆಕ್ ದೇಶದ ಅವಾಸ್ಟ್, ಅದೇ ಜನ ಯಾವ್ಯಾವ ಪುಟ ನೋಡಿದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ 1.65 ಕೋಟಿ ಡಾಲರ್ ತೆರುವಂತೆ ಮಾಡಿತು. ನಮ್ಮ ಮುಂಬೈನ ಇಸ್ಕ್ಯಾನ್ ತನ್ನ ಅಪ್‌ಡೇಟ್‌ಗಳನ್ನು ಎನ್‌ಕ್ರಿಪ್ಟ್ ಆಗದ ಎಚ್‌ಟಿಟಿಪಿಯಲ್ಲಿ ಕಳಿಸುತ್ತಿತ್ತು. ದಾರಿಯಲ್ಲಿ ಹೊಂಚು ಹಾಕಿದವರು ಅಪ್‌ಡೇಟನ್ನೇ ಬದಲಿಸಿ ಗುಪ್ತಿಮೈನರ್ ಎಂಬ ಕುತಂತ್ರಾಂಶವನ್ನು ತೂರಿಸಿದ್ದು 2024ರ ಏಪ್ರಿಲ್‌ನಲ್ಲಿ ಬಯಲಾಯಿತು (ಕಂಪನಿ 2023ರ ಜುಲೈನಲ್ಲೇ ತೂತು ಮುಚ್ಚಿತ್ತು). ಬಯಲು ಮಾಡಿದವರು ಯಾರು ಗೊತ್ತೇ? ಎರಡು ತಿಂಗಳ ಹಿಂದೆ ಸಿಕ್ಕಿಬಿದ್ದ ಅದೇ ಅವಾಸ್ಟ್‌ನ ಸಂಶೋಧಕರು. ರಷ್ಯಾದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ 2024ರ ಜೂನ್‌ನಲ್ಲಿ ನಿಷೇಧಿಸಿತು. ಅದು ಹಿಡಿಯುವ ಸಾಮರ್ಥ್ಯದ ಪ್ರಶ್ನೆಯಲ್ಲ, ಯಾವ ಸರ್ಕಾರದ ಕೈ ಅದರ ಮೇಲಿದೆ ಎಂಬ ಭಯ.

ಹಿಡಿಯುವ ಸಾಮರ್ಥ್ಯ ತಿಳಿಯಬೇಕಾದರೆ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಪ್ರಯೋಗಾಲಯಗಳಿವೆ. ಎವಿ-ಟೆಸ್ಟ್ ರಕ್ಷಣೆಗೆ 6, ವೇಗಕ್ಕೆ 6, ಸುಳ್ಳು ಕೂಗು ಹಾಕದಿರುವುದಕ್ಕೆ 6, ಒಟ್ಟು 18 ಅಂಕ ಕೊಡುತ್ತದೆ. ಬೆಂಚಿನ ಮೇಲೆ ಮೊದಲ ಏಟಿಗೇ ಆಫ್ ಆಗುವ ಆ ಪುಕ್ಕಟೆ ಡಿಫೆಂಡರ್ ಅಲ್ಲಿ ಹಲವು ಸಲ 18ಕ್ಕೆ 18 ತೆಗೆದಿದೆ.

ಆ್ಯಂಟಿವೈರಸ್‌ನ ಮಾತು ಸಾಕು. ನಮ್ಮ ಫೈಲನ್ನು ಇಂಟರ್ನೆಟ್ಟಿನ ಮೂಲಕ ಕಂಪನಿಯೊಂದರ ಯಂತ್ರದಲ್ಲಿಡುವ ಕ್ಲೌಡ್ ಎಂಬುದು ಇದಕ್ಕಿಂತ ದೊಡ್ಡ ಜಾತ್ರೆ. ಕೋಲಾರದ ಟೊಮೆಟೊ ಮಂಡಿಯಿಂದ ಹಿಡಿದು ಶಿಡ್ಲಘಟ್ಟದ ರೇಷ್ಮೆ ವ್ಯಾಪಾರದತನಕ ಲೆಕ್ಕ ಬರೆಯುವವರೆಲ್ಲರ ಬಾಯಲ್ಲಿ ಒಂದೇ ಮಾತು: "ಡ್ರೈವ್‌ಗೆ ಹಾಕಿದೀನಿ, ಬ್ಯಾಕಪ್ ಐತೆ." ಲೆಕ್ಕದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರನ್ನೇ ಎತ್ತಿ ಸಿಂಕ್ ಆಗುವ ಫೋಲ್ಡರಿನೊಳಗೆ ಇಟ್ಟಿರುತ್ತಾರೆ. ಸಿಂಕ್ ಇರುವುದೇ ಇಲ್ಲಿ ಆದದ್ದನ್ನು ಅಲ್ಲಿಯೂ ಮಾಡಲು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ರ್‍ಯಾನ್ಸಮ್‌ವೇರ್ ಬೀಗ ಜಡಿದರೆ ಬೀಗ ಜಡಿದ ಫೈಲೇ ಅಷ್ಟೇ ನಿಷ್ಠೆಯಿಂದ ಮೇಲೇರುತ್ತದೆ. ಜೊತೆಗೆ ಟ್ಯಾಲಿ ತೆರೆದಿರುವಾಗ ಅರ್ಧ ಬರೆದ ಫೈಲುಗಳನ್ನು ಸಿಂಕ್ ಎಳೆದಾಡಿ ಡೇಟಾ ಕೆಡಿಸುವುದೂ ಉಂಟು. ಗೂಗಲ್ ಡ್ರೈವ್‌ನಲ್ಲಿ ಇಂಥ ಫೈಲುಗಳ ಹಳೆಯ ಆವೃತ್ತಿ ಉಳಿಯುವುದು 30 ದಿನ ಅಥವಾ 100 ಆವೃತ್ತಿ ಅಷ್ಟೇ, ಅದನ್ನೂ ಮ್ಯಾನೇಜ್ ವರ್ಷನ್ಸ್‌ಗೆ ಹೋಗಿ 2025ರ ತನಕ ಒಂದೊಂದೇ ಫೈಲಿನಂತೆ ವಾಪಸ್ ತರಬೇಕಿತ್ತು. ಸಾವಿರ ಫೈಲಿದ್ದರೆ ಸಾವಿರ ಸಲ. ಒನ್‌ಡ್ರೈವ್‌ನಲ್ಲಿ ಇಡೀ ಡ್ರೈವನ್ನು ಹಿಂದಿನ 30 ದಿನದೊಳಗಿನ ಒಂದು ದಿನಕ್ಕೆ ತಿರುಗಿಸುವ ಸೌಲಭ್ಯವಿದೆ, ಮೈಕ್ರೋಸಾಫ್ಟ್ 365ಕ್ಕೆ ದುಡ್ಡು ಕಟ್ಟುವವರಿಗೆ. ಟ್ಯಾಲಿಪ್ರೈಮ್‌ನಲ್ಲೇ ಆಲ್ಟ್ ವೈ ಒತ್ತಿ ಬ್ಯಾಕಪ್ ಕೊಟ್ಟು, ಬಂದ ಫೈಲಿನ ಒಂದು ಪ್ರತಿ ಕ್ಲೌಡ್‌ಗೆ, ಇನ್ನೊಂದು ಪ್ರತಿ ಕೆಲಸ ಮುಗಿದ ಮೇಲೆ ಕಿತ್ತಿಡುವ ಹಾರ್ಡ್‌ಡಿಸ್ಕಿಗೆ. ಕಿತ್ತಿಡುವುದು ಮುಖ್ಯ. ಸದಾ ಚುಚ್ಚಿಟ್ಟ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡದಿದ್ದರೆ ಅದು ಬ್ಯಾಕಪ್ ಎಂದು ಹೇಗೆ ಹೇಳುತ್ತೀರಿ? ಸಂತೆಯಲ್ಲಿ 400 ರೂಪಾಯಿಗೆ ಸಿಗುವ '2 ಟಿಬಿ' ಪೆನ್‌ಡ್ರೈವ್‌ ಬೇಡವೇ ಬೇಡ. ಒಳಗೆ ಕೆಲವೇ ಜಿಬಿ ಇದ್ದು, ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ತಂತ್ರಾಂಶ ಪೂರ್ತಿ ತುಂಬಿಸಿ ಓದಿ ನಿಜ ಹೇಳುತ್ತದೆ.

ಗುಟ್ಟಾಗಿ ಇರಬೇಕಾದ್ದಕ್ಕೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಕೀ ಯಾರ ಹತ್ತಿರ? ಗೂಗಲ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಎಲ್ಲವೂ ಎನ್‌ಕ್ರಿಪ್ಟ್ ಮಾಡುತ್ತವೆ, ಕೀ ಸಾಮಾನ್ಯವಾಗಿ ಅವುಗಳ ಹತ್ತಿರವೇ. ಪ್ರೋಟಾನ್ ಡ್ರೈವ್‌ನಂಥವುಗಳಲ್ಲಿ ಕೀ ನಿಮ್ಮದು. ಪಾಸ್‌ವರ್ಡ್ ಜೊತೆಗೆ ರಿಕವರಿ ಚೀಟಿಯೂ ಕಳೆದರೆ ದಾಖಲೆ ತೆರೆಯಲು ಅವರಿಗೂ ಆಗದು. ಇರುವ ಡ್ರೈವ್‌ನಲ್ಲೇ ಇಡಬೇಕೆಂದರೆ ಕ್ರಿಪ್ಟೊಮೇಟರ್ ಎಂಬ ತಂತ್ರಾಂಶ ಹಾಕಿಕೊಂಡು ಮೊದಲೇ ಮುಚ್ಚಿ ಆಮೇಲೆ ಏರಿಸಬಹುದು.

ಇಷ್ಟೆಲ್ಲ ಒಬ್ಬೊಬ್ಬರ ಪಾಡು. ಸಂಘ, ಟ್ರಸ್ಟು, ಸೊಸೈಟಿಗಳದ್ದು ಸಾಮೂಹಿಕ ವೈಭವ. ಬೋರ್ಡಿನ ಮೇಲೆ ಸಂಘದ ಹೆಸರು, ನೋಂದಣಿ ಸಂಖ್ಯೆ, ಕೆಳಗೊಂದು ಜಿಮೇಲ್ ವಿಳಾಸ. ಪಾಸ್‌ವರ್ಡ್ ಸಂಘದ ಹೆಸರಿನ ಮುಂದೆ ಅಟ್ 123. ರಿಕವರಿ ನಂಬರು ಯಾವತ್ತೋ ವರ್ಗವಾಗಿ ಹೋದ ಗುಮಾಸ್ತರದು, ಒಟಿಪಿ ಬಂದಾಗಲೆಲ್ಲ ಅವರಿಗೆ ಫೋನು ಮಾಡಿ 'ಚೆನ್ನಾಗಿದೀರಾ ಸಾರ್' ಎಂದು ಶುರು ಮಾಡಬೇಕು. ಸದಸ್ಯರ ಆಧಾರ್, ಬ್ಯಾಂಕ್ ಖಾತೆ ಇರುವ ಪಟ್ಟಿ 'ಎನಿವನ್ ವಿತ್ ದಿ ಲಿಂಕ್' ಎಂದು ಹಂಚಿ, ಲಿಂಕ್ ವಾಟ್ಸಾಪ್ ಗುಂಪಿನಲ್ಲಿ ಶುಭೋದಯಗಳ ಮಧ್ಯೆ ತೇಲುತ್ತಿರುತ್ತದೆ. ಮಾಡಬೇಕಾದ್ದು ಹತ್ತು ನಿಮಿಷದ ಕೆಲಸ. ಗೂಗಲ್ ಅಕೌಂಟ್‌ನ ಸೆಕ್ಯುರಿಟಿಯಲ್ಲಿ ರಿಕವರಿ ಫೋನು ಬದಲಿಸಿ, ಯುವರ್ ಡಿವೈಸಸ್‌ನಲ್ಲಿ ಗುರುತಿಲ್ಲದ್ದನ್ನು ಹೊರಹಾಕಿ, ಟು ಸ್ಟೆಪ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪರೀಕ್ಷೆ) ಹಾಕಿ, ಕೊಡುವ 10 ಬ್ಯಾಕಪ್ ಕೋಡ್ ಪ್ರಿಂಟ್ ತೆಗೆದು ತಿಜೋರಿಯಲ್ಲಿಡುವುದು. ಹಂಚಿಕೆಯನ್ನು ರೆಸ್ಟ್ರಿಕ್ಟೆಡ್ ಮಾಡಿ ಬೇಕಾದವರ ಹೆಸರು ಸೇರಿಸುವುದು. ಆದರೆ ಹತ್ತು ನಿಮಿಷದ ಕೆಲಸಕ್ಕೆ ಅಜೆಂಡಾದಲ್ಲಿ ಜಾಗವಿಲ್ಲ.

ಅಜೆಂಡಾಕ್ಕೆ ಬರುವುದು 15 ಜಿಬಿ ತುಂಬಿದ ದಿನ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ ಜಾಗ, ಅಧ್ಯಕ್ಷರ ಸನ್ಮಾನದ ವಿಡಿಯೋಗಳಿಂದಲೇ ಅರ್ಧ ಹೋಗಿರುತ್ತದೆ. ತಿಂಗಳಿಗೆ 130 ರೂಪಾಯಿ ಕೊಟ್ಟರೆ 100 ಜಿಬಿ ಸಿಗುತ್ತದೆ ಎಂದು ಕಾರ್ಯದರ್ಶಿ ಸಭೆಗೆ ತಿಳಿಸುತ್ತಾರೆ. ಸದಸ್ಯರೊಬ್ಬರು ಎದ್ದು, ಸಂಘದ ದುಡ್ಡು, ಮೂರು ಕೊಟೇಶನ್ ಇಲ್ಲದೆ ಹೇಗೆ ಎನ್ನುತ್ತಾರೆ. ಸರಿ, ಇಂಥ ದಿನಾಂಕದೊಳಗೆ ಇ-ಮೇಲ್ ಮೂಲಕ ದರಪಟ್ಟಿ ಸಲ್ಲಿಸಲು ಕೋರಿ ಪ್ರಕಟಣೆ ಹೊರಡುತ್ತದೆ. ಜಾಗ ತುಂಬಿದ ಜಿಮೇಲ್‌ಗೆ ಹೊಸ ಮೇಲ್ ಬರುವುದು ನಿಂತುಹೋಗುತ್ತದೆ, ಕಳಿಸಿದವರಿಗೇ ವಾಪಸ್ ಹೋಗುತ್ತದೆ. ನಿಗದಿತ ಅವಧಿಯಲ್ಲಿ ಯಾವುದೇ ಕೊಟೇಶನ್ ಸ್ವೀಕೃತವಾಗಿಲ್ಲ ಎಂದು ಷರಾ ಬರೆದು, ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗುತ್ತದೆ.