ಕ್ಲಿನಿಕ್‌ಗೆ ಹೋದಾಗಲೆಲ್ಲ ತೂಕ ನೋಡಬೇಕಾ?

ಪರ: ನೋಡಲಿ, ಕೂಗಿ ಹೇಳದಿದ್ದರೆ ಸಾಕು

ತೂಕ ಒಂದು ಅಳತೆ ಅಷ್ಟೆ, ಜ್ವರ ನೋಡಿದ ಹಾಗೆ. ಹೃದಯ ದುರ್ಬಲವಾಗಿ ಮೈಯಲ್ಲಿ ನೀರು ತುಂಬಿಕೊಂಡರೆ ಎರಡು ಮೂರು ದಿನದಲ್ಲೇ ಒಂದೆರಡು ಕಿಲೋ ಏರಬಹುದು. ಎಷ್ಟೋ ಸಲ ಕಾಲು ಊದುವ ಮೊದಲೇ ಯಂತ್ರ ಸುಳಿವು ಕೊಡುತ್ತದೆ. ಏನೂ ಮಾಡದೆ ಆರು ತಿಂಗಳು, ವರ್ಷದೊಳಗೆ ನೂರಕ್ಕೆ 5ರಷ್ಟು ತೂಕ ಇಳಿದರೆ ಕಾರಣ ಹುಡುಕಲೇಬೇಕು. ಕೆಲವು ಔಷಧಿಗಳ ಡೋಸ್ ಕೂಡ ತೂಕ ನೋಡಿಯೇ ಕೊಡುವುದು. ಸಕ್ಕರೆ ಕಾಯಿಲೆ ಇರುವ ದಪ್ಪ ಮೈಯವರು ನೂರಕ್ಕೆ 5ರಿಂದ 10ರಷ್ಟು ಇಳಿಸಿಕೊಂಡರೂ ಸಕ್ಕರೆ ಹಿಡಿತಕ್ಕೆ ಬರುವುದುಂಟು. ಇದನ್ನು ಹೇಳುವುದು ಅವಮಾನ ಅಲ್ಲ. ಅವಮಾನ ಆಗುವುದು ಎಲ್ಲರ ಮುಂದೆ ನಂಬರ್ ಕೂಗಿದಾಗ. ಅದು ಯಂತ್ರದ ತಪ್ಪಾ?

ವಿರೋಧ: ಮೊದಲು ಮಂಡಿ ನೋಡಿ

ಕೂಗುವುದೊಂದೇ ತಪ್ಪಾಗಿದ್ದರೆ ಸುಲಭವಿತ್ತು. ಮೆಟ್ಟಿಲಲ್ಲಿ ಜಾರಿ ಬಿದ್ದು, ಮಂಡಿ ನೋವು ಅಂತ ಹೋದೆ. ತೂಕ ನೋಡಿದರು. ಮಂಡಿ ಮುಟ್ಟಲೇ ಇಲ್ಲ. "ಮೊದಲು ಹತ್ತು ಕಿಲೋ ಇಳಿಸಿ ಬನ್ನಿ" ಅಂದರು. ಬಿದ್ದ ವಿಷಯ ಹೇಳುವಷ್ಟರಲ್ಲಿ ಮುಂದಿನವರ ಹೆಸರು ಕರೆದಾಗಿತ್ತು.

ಅಲ್ಲೇ ಬಿಪಿ ಕೂಡ ನೋಡಿದ್ದರು. ನನ್ನ ತೋಳಿಗೆ ಎಳೆದು ಸುತ್ತಿದ ಪಟ್ಟಿ ಗಾಳಿ ತುಂಬುತ್ತಲೇ ಚರ್ರಂತ ಬಿಚ್ಚಿಕೊಂಡಿತು. ನರ್ಸ್ ನೋಡಿದ್ದು ನನ್ನನ್ನು, ಪಟ್ಟಿಯನ್ನಲ್ಲ. ದಪ್ಪ ತೋಳಿಗೆ ದೊಡ್ಡ ಪಟ್ಟಿಯೇ ಬೇಕು. ಚಿಕ್ಕದನ್ನು ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸುಮ್ನೆ ಇಲ್ಲದ ಕಾಯಿಲೆಗೆ ಮಾತ್ರೆ ನುಂಗಬೇಕಾದೀತು.

ಇನ್ನು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ. ಆ ಲೆಕ್ಕ 1830ರ ದಶಕದ್ದು. ಕೊಟ್ಟವರು ಬೆಲ್ಜಿಯಂನ ಕ್ವೆಟೆಲೆ. ಅವರು ಡಾಕ್ಟರ್ ಅಲ್ಲ, ಖಗೋಳ ಮತ್ತು ಅಂಕಿಅಂಶದವರು. ಅವರು ಹುಡುಕುತ್ತಿದ್ದದ್ದು ಜನರ ಸರಾಸರಿಯನ್ನು, ಒಬ್ಬೊಬ್ಬರ ಆರೋಗ್ಯವನ್ನಲ್ಲ. ಬಿಎಂಐ ಅನ್ನುವ ಹೆಸರು ಬಂದದ್ದೇ 1972ರಲ್ಲಿ. ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ ಅಂತ ಅಮೆರಿಕದ ವೈದ್ಯರ ಸಂಘವೇ 2023ರಲ್ಲಿ ಹೇಳಿತು.

ಹೀಯಾಳಿಸಿದರೆ ತೂಕ ಇಳಿಯುತ್ತದೆ ಅಂದುಕೊಂಡವರೂ ಇದ್ದಾರೆ. ಜಿಮ್‌ಗಳಲ್ಲಂತೂ ಇದೇ ಮಂತ್ರ. ಆಗುವುದು ಉಲ್ಟಾ. ಮುಜುಗರಕ್ಕೆ ಜನ ಡಾಕ್ಟರ ಹತ್ತಿರ ಹೋಗುವುದನ್ನೇ ಮುಂದೂಡುತ್ತಾರೆ. ನಾನೂ ಆ ಮಂಡಿಯನ್ನು ಎಂಟು ತಿಂಗಳು ಯಾರಿಗೂ ತೋರಿಸಲಿಲ್ಲ.

ಡೋಸ್ ಲೆಕ್ಕಕ್ಕೆ ಬೇಕು ಅಂದರೆ ಹತ್ತುತ್ತೇನೆ, ತಕರಾರಿಲ್ಲ. ಈಗ ಯಂತ್ರದ ಮೇಲೆ ನಂಬರ್‌ಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಅವರೇ ನೋಡಿ ಬರೆದುಕೊಳ್ಳಲಿ. ಇಳಿದ ಮೇಲೆ ಮಂಡಿಯ ವಿಷಯ ಮಾತಾಡೋಣ.